ಸೋಮವಾರದ ಬಿಸಿನೀರು

ನನ್ನ ಮುದ್ದು ಹೂರಿಯಾ,

ನೀನಿರುವಲ್ಲಿ ಚಳಿಯಿಲ್ಲವೆಂದು ನಂಬಿ ಬರೆಯುತ್ತಿದ್ದೇನೆ. ನಮ್ಮ ತ್ಲೆಮ್ಸೆನ್ ಊರಿನಲ್ಲಿ ಈ ವರ್ಷ ಚಳಿ ಮೂಳೆಗಿಳಿದಿದೆ. ಹೆಂಗಸರು ಒಟ್ಟಾಗಿ ಮೀಯುವ ನಮ್ಮ ಹಮಾಮಿನಲ್ಲಿ ಒಲೆ ಎಷ್ಟು ಉರಿದರೂ ಸಾಲದು.

ಎದೆಯ ಆಪರೇಷನ್ ಆದ ಮೇಲೆ ನೀನು ಇಲ್ಲಿ ಕಾಲಿಡಲಿಲ್ಲ. ಚಿಕ್ಕಂದಿನಿಂದ ನಿನ್ನ ಬೆನ್ನುಜ್ಜಿದವಳು ನಾನು. "ಬೇಡ ಅಕ್ಕ, ಎಲ್ರೂ ಮುಖ ಬಿಟ್ಟು ಎದೆ ನೋಡ್ತಾರೆ" ಎಂದೆ ನೀನು. ಅಪ್ಪ ಬಿಟ್ಟುಹೋದ ಹಮಾಮು ಇದ್ದೂ ನೀನು ಮನೆಯಲ್ಲಿ ಚಿಲಕ ಹಾಕಿಕೊಂಡು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮಿಂದೆ. ಮತ್ತೆ ನಾನು ನಿನ್ನ ಮೈಮೇಲೆ ನೀರು ಹೊಯ್ದದ್ದು ನೀನು ಹೋದ ದಿನ, ಕೊನೆಯ ಸ್ನಾನದ ಹಲಗೆಯ ಮೇಲೆ ಮಲಗಿಸಿ. ಅಂದು ನೀನು ಬೇಡ ಅನ್ನಲಿಲ್ಲ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ, ಯಾರ ಮೇಲೆಂದು ಮಾತ್ರ ಕೇಳಬೇಡ.

ಅದಕ್ಕೇ ಸೋಮವಾರ ಊರವರಿಗೆ ಬಾಗಿಲು ಹಾಕುತ್ತೇನೆ. ಆ ದಿನ ಕ್ಯಾನ್ಸರ್ ಆದವರಿಗೆ, ಅವರ ಅಮ್ಮಂದಿರಿಗೆ, ಅಕ್ಕತಂಗಿಯರಿಗೆ. ಊರಲ್ಲಿ ಯಾರೂ ಹೆಸರೆತ್ತುವುದಿಲ್ಲ, 'ಆ ಕಾಯಿಲೆ' ಅನ್ನುತ್ತಾರೆ, ಕರೆದರೆ ಎದ್ದು ಬರುತ್ತದೆಂಬಂತೆ. ಸೋಮವಾರದವರಿಗೆ ಆ ಹೆದರಿಕೆಯಿಲ್ಲ. "ಖೈರಾ, ಬಾಚಣಿಗೆ ಮರೆತು ಬಂದೆ ಕಣೇ, ನಿಂದು ಕೊಡು" ಎಂದು ಬೋಳುತಲೆಯವಳೊಬ್ಬಳು ನನ್ನನ್ನು ಕೂಗುತ್ತಾಳೆ, ಎಲ್ಲರೂ ನಗುತ್ತಾರೆ. ಉಜ್ಜುವಾಗ ಕೈಗೆ ತಾಗುವ ಮೂಳೆ ವಾರದಿಂದ ವಾರಕ್ಕೆ ಹೆಚ್ಚುತ್ತದೆ. ಆಮೇಲೆ ಒಂದು ಸೋಮವಾರ ಅವರಲ್ಲೊಬ್ಬಳು ಬರುವುದಿಲ್ಲ. ನಾನು ಯಾರನ್ನೂ ಕೇಳುವುದಿಲ್ಲ.

ಅವರಲ್ಲಿ ಸಿಹೇಮ್ ಎಂಬ ಹುಡುಗಿ. ನಿನ್ನ ಹಾಗೇ ಎಡಗಡೆಯ ಎದೆ ತೆಗೆದಿದ್ದಾರೆ. ಮದುವೆ ನಿಶ್ಚಯವಾಗಿತ್ತು. ಹುಡುಗನಿಗೆ ಎಲ್ಲ ಗೊತ್ತು, ಅವನ ತಾಯಿ ಲಲ್ಲಾ ಮನ್ಸೂರಿಯಾಗೆ ಮಾತ್ರ ಹೇಳಿರಲಿಲ್ಲ. ಮದುಮಗಳ ಸ್ನಾನದ ರೂಢಿ ನಿನಗೆ ಗೊತ್ತಲ್ಲ, ಹುಡುಗನ ತಾಯಿ ಬಂದು ಮೊದಲ ನೀರು ಹೊಯ್ದು, ನಾಲಿಗೆ ಹೊರಳಿಸಿ ಯೂ-ಯೂ ಎಂದು ಕೂಗಬೇಕು. ಕೂಗಿದರೆ ಸೊಸೆಯನ್ನು ಒಪ್ಪಿದಂತೆ. ಸಿಹೇಮಳ ಅಮ್ಮ ನನ್ನ ಕೈ ಹಿಡಿದು, "ಹಬೆ ಜಾಸ್ತಿ ಮಾಡಿಬಿಡು ತಾಯಿ. ಮೇಲೊಂದು ಬಟ್ಟೆ ಸುತ್ತಿದ್ರೆ ಯಾರಿಗೆ ಕಾಣತ್ತೆ?" ಎಂದಳು. ಹಬೆಯಲ್ಲಿ ಎಷ್ಟು ದಿನ ಸಂಸಾರ ಮಾಡುತ್ತಾಳೆ ಎಂದು ಕೇಳಬೇಕೆನಿಸಿತು. ಕೇಳದೆ ಒಲೆಯ ಉರಿ ಹೆಚ್ಚಿಸಿದೆ.

ಗುರುವಾರ ಸ್ನಾನ. ಮೇಣದಬತ್ತಿ ಹಚ್ಚಿದ್ದರು. ಸೋಮವಾರದ ಹೆಂಗಸರು ನೆಂಟರೆಂದು ಹೇಳಿಕೊಂಡು, ತಲೆಗೆ ವಸ್ತ್ರ ಕಟ್ಟಿ, ಗಟ್ಟಿಮುಟ್ಟಾದವರ ಮುಖ ಮಾಡಿಕೊಂಡು ಕೂತಿದ್ದರು. ಲಲ್ಲಾ ಮನ್ಸೂರಿಯಾ ತಾಮ್ರದ ಬೋಗುಣಿಯಲ್ಲಿ ನೀರು ತುಂಬಿಕೊಂಡಳು. ಆಗ ಸಿಹೇಮ್ ತಾನೇ ಬಟ್ಟೆ ಸರಿಸಿದಳು.

"ನೋಡಿಬಿಡಿ ಅಮ್ಮ. ಆಮೇಲೆ ಮೋಸ ಮಾಡಿದ್ರು ಅನ್ಬೇಡಿ."

ಆ ಹೆಂಗಸು ಕೆಟ್ಟವಳಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ನನ್ನ ಬಾಯಿ ನಿನಗೆ ಗೊತ್ತು. ಅವಳು ಹೊಲಿಗೆಯ ಗೆರೆಯ ಮೇಲೆ ಕೈಯಿಟ್ಟಳು, ಅತ್ತಳು, ಮೆಲ್ಲಗೆ ನೀರು ಹೊಯ್ದಳು. ನಾವೆಲ್ಲ ಕಾದೆವು. ಕೂಗು ಬರಲಿಲ್ಲ. "ದೇವರು ನಿನಗೆ ಗುಣ ಮಾಡ್ಲಿ ಮಗಳೇ. ನನಗಿರೋನು ಒಬ್ಬನೇ ಮಗ" ಎಂದು ಹಣೆಗೆ ಮುತ್ತಿಟ್ಟು, ಬೋಗುಣಿ ಕೆಳಗಿಟ್ಟು ಹೊರಟುಹೋದಳು.

ನಾನಾದರೂ ಕೂಗೋಣವೆಂದು ಬಾಯಿ ತೆರೆದೆ. ಊರಿನ ಮದುವೆಗಳಿಗೆಲ್ಲ ಗಂಟಲು ಕೊಟ್ಟವಳಿಗೆ ಅಂದು ಸ್ವರವೇ ಏಳಲಿಲ್ಲ. ಇಷ್ಟು ದೊಡ್ಡ ಹಮಾಮು ಇಟ್ಟುಕೊಂಡು ಆ ಹುಡುಗಿಗೆ ಕೊಡಲು ನನ್ನಲ್ಲಿ ಏನೂ ಇರಲಿಲ್ಲ ಹೂರಿಯಾ. ಅವಳೇ ತಿರುಗಿ, ನನಗೆ ಬೆನ್ನು ಕೊಟ್ಟು ಕೂತಳು.

"ಉಜ್ಜು ದೊಡ್ಡಮ್ಮ. ನೀರು ಆರ್ತಾ ಇದೆ."

ಉಜ್ಜಿದೆ. ಬೆನ್ನು ನಡುಗುವುದು ನಿಲ್ಲಲಿಲ್ಲ, ನಾನೂ ನೀರು ಹೊಯ್ಯುವುದು ನಿಲ್ಲಿಸಲಿಲ್ಲ. ನಾಳೆ ಸೋಮವಾರ. ಅವಳು ಬರುತ್ತಾಳೋ ಇಲ್ಲವೋ, ಒಲೆಯನ್ನಂತೂ ಹಚ್ಚುತ್ತೇನೆ.

ಮಿಂದು ಹೊರಬಂದವರಿಗೆಲ್ಲ ಹೇಳುವ ಮಾತನ್ನು ಅಂದು ನಿನಗೆ ಹೇಳಲಾಗಲಿಲ್ಲ. ಹಲಗೆಯ ಮೇಲಿದ್ದವಳಿಗೆ ಹೇಗೆ ಹೇಳಲಿ? ಈಗ ಹೇಳುತ್ತೇನೆ, ಕೇಳಿಸಿಕೋ. ಮಿಂದದ್ದು ಮೈಗೆ ಹತ್ತಲಿ, ತಂಗೀ.

ನಿನ್ನ ಅಕ್ಕ,
ಖೈರಾ