ಹಿಲ್ಡಾಳ ಕುರ್ಚಿಯ ಗುರುತು

೧೬ ನವೆಂಬರ್ ೧೯೩೫, ಶನಿವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ: ತಪ್ಪು ನನ್ನದು.

ನಮ್ಮ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಹೊಸ ಯಂತ್ರ ಪ್ರತಿ ಲಕೋಟೆಯ ಮೇಲೂ ಊರಿನ ಕೀಲಿ ಒತ್ತಿದವಳ ಕುರ್ಚಿಯ ಗುರುತು ಹಾಕುತ್ತದೆ. ನನ್ನ ಕುರ್ಚಿ ಬಾಗಿಲ ಪಕ್ಕ; ಮಂಗಳವಾರ ಚಳಿಗಾಳಿ ತಾಳದೆ ನಾನೇ ಜೊತೆಗೆಲಸದ ಹಿಲ್ಡಾಳ ಕುರ್ಚಿ ಬೇಡಿ ಕೂತಿದ್ದೆ. ನಾನು ತಪ್ಪು ಕೀಲಿ ಒತ್ತಿ, ಲೀಡ್ಸಿಗೆ ಹೋಗಬೇಕಾದ ಕಾಗದವೊಂದು ಡೋವರಿಗೆ ಹೋಯಿತು.

"ಇದು ನಿನ್ನ ಗುರುತಲ್ವೇನಮ್ಮ?" ಎಂದು ಮೇಲ್ವಿಚಾರಕ ಟ್ರೆಂಚ್, ಮರಳಿ ಬಂದ ಆ ಲಕೋಟೆಯನ್ನು ಹಿಲ್ಡಾಳ ಮುಂದೆ ಹಿಡಿದರು.

ಹಿಲ್ಡಾ ನನ್ನನ್ನೊಮ್ಮೆ ನೋಡಿ, "ಹೂಂ ಸಾರ್, ನಂದೇ" ಎಂದಳು. ನಾನು ಸುಮ್ಮನಿದ್ದೆ. ಏಕೆ?

ಮೂರನೆಯ ತಪ್ಪೆಂದು ಇವತ್ತು ಅವಳನ್ನು ಕೆಲಸದಿಂದ ತೆಗೆದರು. ಕೋಟು ಹಾಕಿಕೊಳ್ಳುತ್ತಾ, "ಆ ಕುರ್ಚಿ ಇನ್ನು ನಿಂದೇ ಕಣೇ, ಬೆಚ್ಚಗಿರು" ಎಂದು ನಕ್ಕಳು. ಆ ನಗುವನ್ನು ಎಲ್ಲಿಡಲಿ?

ಟ್ರೆಂಚ್ ಅವರಿಗೆ ಎಲ್ಲವನ್ನೂ ಬರೆದಿದ್ದೇನೆ. ಎದುರು ನಿಂತು ಹೇಳುವ ಧೈರ್ಯವಿಲ್ಲ. ಅಂಚೆಯಲ್ಲೇ ಹೋಗಲಿ, ಬಾಗಿಲ ಪಕ್ಕದ ನನ್ನ ಕುರ್ಚಿಯಿಂದ, ನನ್ನದೇ ಗುರುತು ಹೊತ್ತು. ಸೋಮವಾರ, ೧೮ ನವೆಂಬರ್, ಅದರ ಕೀಲಿ ನಾನೇ ಒತ್ತುತ್ತೇನೆ.