ಇನ್ನೆರಡು ವರ್ಷದ ಜಗಳ

ವೋಂಗ್ ನೈ ಕೋಕ್, ಹಾಂಗ್‌ಕಾಂಗ್
ಒಂಬತ್ತನೆಯ ತಿಂಗಳ ಹದಿಮೂರು, 1935

ಪ್ರೀತಿಯ ಮಗ ಶೂಯ್ ಹಿಂಗನಿಗೆ,

ಹೇಗಿದ್ದೀಯಪ್ಪ? ಹಡಗಿನ ಒಲೆಗೆ ಕಲ್ಲಿದ್ದಲು ಹಾಕಿ ಹಾಕಿ ಕಣ್ಣುರಿ ಎಂದು ಬರೆದಿದ್ದೆ, ವಾಸಿಯಾಯಿತೇ? ಹೊಟ್ಟೆಗೆ ಸರಿಯಾಗಿ ತಿನ್ನು. ನನ್ನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಜೋರಾಗಿದೆ ಎಂದು ನಿನ್ನ ಹೆಂಡತಿ ಹೇಳುತ್ತಾಳೆ. ಈ ಸಲ ಗೆಣಸು ಚೆನ್ನಾಗಿ ಬಂದಿದೆ.

ದಂಡಿನವರು ಗುಡ್ಡದ ಮೇಲೆ ಫಿರಂಗಿ ಕೂರಿಸಿ ಅಲ್ಲಿಗೆ ರಸ್ತೆ ಎಳೆಯುವ ವಿಷಯ ನಾನು ವಸಂತದಲ್ಲೇ ಬರೆದಿದ್ದೆ. ರಸ್ತೆಯ ಅಳತೆಗೂಟ ನಿನ್ನ ಅಮ್ಮನ ಸಮಾಧಿಯ ಮೇಲೆಯೇ ಬಿತ್ತು. ಅವಳು ಮಣ್ಣಿಗೆ ಹೋಗಿ ಐದು ವರ್ಷ. ಏಳು ತುಂಬಿದ ಮೇಲೆ ಮೂಳೆ ತೆಗೆದು, ತೊಳೆದು, ಮಡಕೆಯಲ್ಲಿ ಕೂರಿಸಬೇಕು. ಅದು ನನ್ನ ಕೆಲಸ, ಬೇರೆ ಯಾರೂ ಮುಟ್ಟಬೇಡಿ ಎಂದು ಹಡಗು ಹತ್ತುವಾಗ ನೀನು ಹೇಳಿ ಹೋಗಿದ್ದೆ. ನನಗೆ ಬೇಕಿದ್ದುದು ಇನ್ನೆರಡೇ ವರ್ಷ.

ಅದನ್ನು ರಸ್ತೆಯ ಖರ್ಚಿಗಾಗಿ ಸರ್ಕಾರದ ಕಚೇರಿಗೂ ದಂಡಿನ ಕಚೇರಿಗೂ ಎದ್ದ ಜಗಳವೇ ಕೊಡುತ್ತದೆ ಎಂದು ನಂಬಿದ್ದೆ. "ಹೋಗೋದು ಫಿರಂಗಿ, ಖರ್ಚು ದಂಡಿನೋರೇ ಕೊಡ್ಲಿ" ಎಂದು ಸರ್ಕಾರ. "ಊರೋರ ಗಾಡೀನೂ ಹೋಗ್ತವೆ, ಸರ್ಕಾರಾನೂ ಹಾಕ್ಲಿ, ಜಾಗಾನೂ ಬಿಟ್ಟಿ ಕೊಡ್ಲಿ" ಎಂದು ದಂಡು. ನಮ್ಮೂರಲ್ಲಿ ಗಾಡಿ ಎಲ್ಲಿದೆ ಮಾರಾಯ? ಇರುವುದು ಹೆಗಲು, ಅದರ ಮೇಲೊಂದು ಹೊರೆಯ ಬಿದಿರು. ಆದರೂ ನಾನು ಬಾಯಿಬಿಡಲಿಲ್ಲ. ಜಗಳ ಬೆಳೆಯಲಿ ಎಂದು ಊರದೇವರಿಗೆ ಊದುಬತ್ತಿ ಹಚ್ಚಿದೆ. ಅವರ ಸಭೆ ಮುರಿದುಬಿದ್ದ ಸುದ್ದಿ ಬಂದ ದಿನ ಮನೆಯಲ್ಲಿ ಬಾತುಕೋಳಿ ಕೊಯ್ದೆವು. ನಾನೊಬ್ಬ ಮುದಿ ಮೂರ್ಖ.

ಸರ್ಕಾರದ ದುಭಾಷಿ ಟೋಂಗ್ ಅಳತೆಗೆ ಬಂದಾಗ, ಸಮಾಧಿಗೆ ಸಮಯ ಕೊಡಿ ಎಂದು ಕೇಳಿದೆ. "ರಸ್ತೆ ನಮ್ದು, ಗುಡ್ಡ ದಂಡಿನೋರ್ದು. ಸಮಾಧಿ ಯಾರ ಪಾಲಿಗೆ ಬರ್ತದೋ ಇನ್ನೂ ತೀರ್ಮಾನ ಆಗಿಲ್ಲ ತಾತ" ಎಂದ. "ಸಮಾಧಿ ನನ್ನ ಹೆಂಡ್ತೀದು ಕಣಯ್ಯ" ಎಂದೆ. ಅವನು ಟೋಪಿ ತೆಗೆದು ಸಮಾಧಿಗೆ ತಲೆಬಾಗಿದ. ಕೆಟ್ಟವನಲ್ಲ.

ಹೋದ ತಿಂಗಳು ರಾಜಿಯಾದರು. ಜಾಗ ಸರ್ಕಾರದ್ದು, ಖರ್ಚು ಅರ್ಧರ್ಧ. ಹತ್ತು ದಿನದೊಳಗೆ ತೆರವು ಮಾಡಿ ಎಂದು ಗುಡಿಯ ಬಾಗಿಲಿಗೆ ಕಾಗದ ಅಂಟಿಸಿದರು. ಎರಡೂ ಕಚೇರಿಗೆ ಅಲೆದೆ. ಇವರು ಅವರನ್ನು ಕೇಳು ಎಂದರು, ಅವರು ಇವರನ್ನು. ಖರ್ಚು ಹಂಚಿಕೊಂಡರು, ನನ್ನ ಮಾತು ಕೇಳುವ ಕೆಲಸವನ್ನು ಮಾತ್ರ ಇಬ್ಬರೂ ಪಾಲಿಗೆ ಹಾಕಿಕೊಳ್ಳಲಿಲ್ಲ. ಈಗ ಅಲ್ಲಿ ಜಲ್ಲಿ ಬಿದ್ದಿದೆ.

ನಿನ್ನ ಮಗು ಹೊಸ್ತಿಲು ದಾಟುತ್ತದೆ, ಕಂಡವರನ್ನೆಲ್ಲ ಅಪ್ಪ ಎನ್ನುತ್ತದೆ. ನಿನ್ನ ಹೆಂಡತಿ ಬೆಚ್ಚಗಿನ ಅಂಗಿ ಹೊಲಿದಿಟ್ಟಿದ್ದಾಳೆ. ಸಮುದ್ರ ನಿನ್ನ ಮೇಲೆ ಮುನಿಯದಿರಲಿ, ಹಿರಿಯರು ನಿನ್ನ ಬೆನ್ನಿಗಿರಲಿ.

ನಿನ್ನ ಅಪ್ಪ,
ಲೌ ಪುಯ್ ಕ್ವಾನ್

ಮೇಲೆ ಬರೆಯಲು ಕೈ ಬರಲಿಲ್ಲ. ಗಡುವಿನ ಕೊನೆಯ ದಿನ ನಿನ್ನ ಅಮ್ಮನ ಸಮಾಧಿಯನ್ನು ನಾನೇ ಅಗೆದೆ. ಐದು ವರ್ಷ ಸಾಲದು ಮಗನೇ. ಅವಳ ಕೂದಲು ಹಾಗೇ ಇತ್ತು. ಮಡಕೆಯಲ್ಲಿ ಕೂರಿಸುವ ಹಾಗಿರಲಿಲ್ಲ. ಚಾಪೆಯಲ್ಲಿ ಸುತ್ತಿ, ಮೇಲಿನ ಲಿಚೀ ಮರದ ಬುಡದಲ್ಲಿ ಮತ್ತೆ ಹೂತೆ. ಏಳು ವರ್ಷ ಇನ್ನು ಮೊದಲಿನಿಂದ ಎಣಿಸಬೇಕು. ಅಲ್ಲಿಯವರೆಗೆ ನಾನಿರುವುದಿಲ್ಲ, ಜಾಗವನ್ನು ನಿನ್ನ ಹೆಂಡತಿಗೆ ತೋರಿಸಿದ್ದೇನೆ. ನೀನು ಬಂದು ಮೊದಲು ಅಮ್ಮನ ಮೂಳೆ ತೊಳೆ, ನನ್ನದು ಆಮೇಲೆ.