ಹಣೆಗೆ ಭಂಡಾರ ಹಚ್ಚಿಸಿಕೊಂಡ ಹಕ್ಕಿ

ಅಪ್ಪನಿಗೆ ಮಾಳಮ್ಮ ಬರೆಯುವುದು. ಗುಡೇಕೋಟೆ ಗುಡ್ಡದಲ್ಲಿ ನಿನ್ನ ಫೋನು ಸಿಗುವುದಿಲ್ಲ, ಸಿಕ್ಕರೂ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾರ್ಡು. ಅತ್ತಿಗೆಯ ಕೈಲಿ ಓದಿಸಿಕೋ.

ತಮಿಳುನಾಡಿನ ಈ ಕಡಲ ದಂಡೆಯಲ್ಲಿ ನಸುಕಿಗೇ ನಮ್ಮ ಕೆಲಸ ಶುರು. ನಾವೇ ಕಟ್ಟಿದ ಬಲೆಗೆ ಬಿದ್ದ ಹಕ್ಕಿಯನ್ನು ಬಿಡಿಸಿ, ಅದು ಎಲ್ಲೆಲ್ಲಿಗೆ ಹೋಗುತ್ತದೆಂದು ತಿಳಿಯಲು ಕಾಲಿಗೆ ಗುರುತಿನ ಉಂಗುರ ತೊಡಿಸಿ ಹಾರಲು ಬಿಡುತ್ತೇವೆ. ಈ ಹೊತ್ತಿಗೆ ನೀನು ರೊಪ್ಪದ ಬಾಗಿಲು ತೆಗೆಯುತ್ತಿರುತ್ತೀಯಲ್ಲ, ನನ್ನ ಕಿವಿ ಸುಮ್ಮನೆ ಕುರಿಗಳ ಗಂಟೆಗೆ ಕಾಯುತ್ತದೆ.

ಇವತ್ತು ಬಾಲ ಕುಣಿಸುವ ಪುಟ್ಟ ಹಕ್ಕಿಯೊಂದು ಸಿಕ್ಕಿತು. ಚಳಿಗಾಲ ಕಳೆದು ಉತ್ತರಕ್ಕೆ, ತನ್ನೂರಿಗೆ ಹೊರಟದ್ದು. ಅಂಗೈಯಲ್ಲಿ ಅದರ ಎದೆ ಡವಡವ ಎನ್ನುತ್ತಿತ್ತು. ದೂರದ ಮೇವಿಗೆ ಹೊರಟ ಟಗರಿಗೆ ನೀನು ಹಚ್ಚುವ ಹಾಗೆ, ಅವ್ವ ಕಟ್ಟಿಕೊಟ್ಟಿದ್ದ ಮೈಲಾರಲಿಂಗನ ಭಂಡಾರವನ್ನು ಚಿಟಿಕೆ ತೆಗೆದು ಅದರ ಹಣೆಗೆ ಹಚ್ಚಿಬಿಟ್ಟೆ. ನಮಗೆ ಈ ಕೆಲಸ ಕಲಿಸುವ ಮೇಡಂ ಹೌಹಾರಿದರು. ಉಂಗುರ ಬಿಟ್ಟು ಬೇರೆ ಗುರುತು ಮಾಡಬಾರದಂತೆ, ಅರಿಸಿನದ ಹಣೆ ನೋಡಿ ಮುಂದಿನ ಊರಿನವರು ಹೊಸ ಜಾತಿಯ ಹಕ್ಕಿ ಎಂದುಕೊಂಡಾರಂತೆ! ಒರೆಸುವಷ್ಟರಲ್ಲಿ ಅದು ಹಾರಿಹೋಯಿತು. ಬೈಸಿಕೊಂಡರೂ ನನಗೆ ಸಮಾಧಾನವೇ ಆಯಿತು.

ಊಟ ಹೊಂದಿದೆ, ಆರೋಗ್ಯ ಚೆನ್ನಾಗಿದೆ. ನೀನು ಮೊಣಕಾಲಿಗೆ ಎಣ್ಣೆ ತಿಕ್ಕಿಸಿಕೋ. ಹಳದಿ ಹಣೆಯ ಹಕ್ಕಿ ರೊಪ್ಪದ ಬೇಲಿಗೆ ಬಂದು ಕೂತರೆ ಓಡಿಸಬೇಡ.

ಕಾರ್ಡಿನಲ್ಲಿ ಜಾಗ ಮುಗಿಯಿತು. ನಾನು ಹೊರಟ ದಿನ ನೀನು, "ಮನಿ ಕುರಿ ಬಿಟ್ಟು ಯಾರದೋ ಹಕ್ಕಿ ಕಾಯಾಕ ಹೊಂಟೀಯೇನ?" ಎಂದು ಮುಖ ತಿರುಗಿಸಿ ನಿಂತೆ. ಯುಗಾದಿಗೆ ಬರುತ್ತೇನೆ ಅಪ್ಪ. ಈ ಸಲವಾದರೂ ನನ್ನ ಹಣೆಗೆ ಭಂಡಾರ ಹಚ್ಚಿ ಕಳಿಸು.